ಒತ್ತಡ ಮೊದಲು, ನಲ್ಲಿ ಆಮೇಲೆ

ಎಳೆದರೆ ಕೈಗೆ ಬರುವ, ಗುಂಡಿ ಒತ್ತಿದರೆ ಶವರಿನಂತೆ ಚಿಮ್ಮುವ ಸಿಂಕ್ ನಲ್ಲಿ ಈಗ ತಾಲ್ಲೂಕು ಪಟ್ಟಣದ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕೊಳ್ಳುವವರು ಹೊಳಪು ನೋಡುತ್ತಾರೆ, ಪೈಪು ಎಷ್ಟುದ್ದ ಬರುತ್ತದೆಂದು ಎಳೆದು ನೋಡುತ್ತಾರೆ, ಬೆಲೆಗೆ ಚೌಕಾಸಿ ಮಾಡುತ್ತಾರೆ. ಮನೆಯ ಟ್ಯಾಂಕು ಸಿಂಕಿಗಿಂತ ಎಷ್ಟು ಅಡಿ ಮೇಲಿದೆ ಎಂದು ಅಂಗಡಿಯವನು ಕೇಳುವುದಿಲ್ಲ, ಕೊಳ್ಳುವವರೂ ಹೇಳುವುದಿಲ್ಲ. ಈ ಸಾಧನದ ಸುಮಾರು ಇನ್ನೂರು ವರ್ಷಗಳ ಹಿನ್ನೆಲೆಯನ್ನು ಕೆದಕಿದರೆ ಮೊದಲು ಕೇಳಬೇಕಾದದ್ದು ಅದನ್ನೇ ಎಂದು ತಿಳಿಯುತ್ತದೆ. ನಲ್ಲಿಯ ಬಾಯಲ್ಲಿ ಆದ ಒಂದೊಂದು ಸುಧಾರಣೆಯೂ ಗೋಡೆಯ ಹಿಂದಿನ ಕೊಳವೆಯಲ್ಲಿ ಅದಕ್ಕೂ ಮುಂಚೆಯೇ ಆಗಿಹೋದ ಬದಲಾವಣೆಯ ಫಲ. ಇಂಗ್ಲೆಂಡ್, ಅಮೆರಿಕದ ಊರುಗಳಿಗೆ ಮೊದಲು ಒತ್ತಡ ಬಂತು, ಅನುಕೂಲ ಆಮೇಲೆ ಬಂತು. ನಾವು ಕಡೆಯದನ್ನು ಮೊದಲು ತಂದು ಗೋಡೆಗೆ ಕೂರಿಸಿಕೊಂಡಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸ್ಥಿತಿ ಇವತ್ತಿನ ನಮ್ಮ ಬಹುತೇಕ ಪಟ್ಟಣಗಳ ಸ್ಥಿತಿಗಿಂತ ಬೇರೆಯಾಗಿರಲಿಲ್ಲ. ನೀರು ದಿನದ ಕೆಲವು ಗಂಟೆ, ಕೆಲವೆಡೆ ವಾರದ ಕೆಲವು ದಿನ ಮಾತ್ರ ಬರುತ್ತಿತ್ತು. ಅನುಕೂಲಸ್ಥರು ತೊಟ್ಟಿಗಳಲ್ಲಿ, ಬಡವರು ಸಿಕ್ಕ ಪಾತ್ರೆಗಳಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. 1831ರಲ್ಲಿ ತರುಣ ಎಂಜಿನಿಯರ್ ಥಾಮಸ್ ಹಾಕ್ಸ್‌ಲಿ ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ನದಿ ದಂಡೆಯಲ್ಲಿ ಕಟ್ಟಿದ ಜಲಾಗಾರ ಈ ಪದ್ಧತಿಯನ್ನು ಮುರಿಯಿತು. ಅಲ್ಲಿಂದ ಹೊರಟ ಕೊಳವೆಗಳಲ್ಲಿ ಹಗಲು ರಾತ್ರಿ ಒತ್ತಡದ ನೀರಿರುತ್ತಿತ್ತು. ಆಗಲೂ ಬಲವಾದ ಆಕ್ಷೇಪ ಬಂತು: ಸದಾ ನೀರು ಕೊಟ್ಟರೆ ಜನ ನಲ್ಲಿ ತೆರೆದಿಟ್ಟು ಪೋಲು ಮಾಡುತ್ತಾರೆ ಎಂದು. ಇಂದು ನಮ್ಮ ನಗರಸಭೆಗಳ ಸಭಾಂಗಣಗಳಲ್ಲಿ 24 ಗಂಟೆ ನೀರಿನ ಮಾತೆದ್ದಾಗ ಕೇಳಿಬರುವ ವಾದವೂ ಇದೇ. ಊರುಗಳ ಆರೋಗ್ಯದ ಕುರಿತ ಬ್ರಿಟಿಷ್ ಆಯೋಗದ ಮುಂದೆ 1844ರ ಸುಮಾರಿಗೆ ಸಾಕ್ಷ್ಯ ನುಡಿದ ಹಾಕ್ಸ್‌ಲಿ ಇದನ್ನು ಒಪ್ಪಲಿಲ್ಲ. ನೀರು ಯಾವಾಗ ಬರುತ್ತದೋ ಎಂದು ಕಾಯುವವನೇ ನಲ್ಲಿ ತೆರೆದಿಡುತ್ತಾನೆ, ನಾಳೆ ಬರುವ ಭರವಸೆ ಇದ್ದವನು ಮುಚ್ಚುತ್ತಾನೆ. ಆದರೆ ಮುಚ್ಚಲು ಒಳ್ಳೆಯ ನಲ್ಲಿಯೂ ಇರಬೇಕಲ್ಲ! ತೂತು ಕೊರೆದ ಬಿರಡೆಯನ್ನು ಕಾಲು ಸುತ್ತು ತಿರುಗಿಸುವ ಹಳೆಯ ನಲ್ಲಿ ಈ ಒತ್ತಡದಲ್ಲಿ ಸೋರುತ್ತಿತ್ತು. ಥಟ್ಟನೆ ಮುಚ್ಚಿದರೆ ಕೊಳವೆಯೆಲ್ಲ ಅದುರುತ್ತಿತ್ತು. ರಾದರ್‌ಹ್ಯಾಮ್‌ನ ಹಿತ್ತಾಳೆ ಎರಕದವರಾದ ಗೆಸ್ಟ್ ಅಂಡ್ ಕ್ರೈಮ್ಸ್ 1845ರಲ್ಲಿ ತಿರುಪಿನಿಂದ ವಾಷರನ್ನು ಮೆಲ್ಲಗೆ ಅದುಮಿ ಮುಚ್ಚುವ ನಲ್ಲಿಗೆ ಪೇಟೆಂಟ್ ಪಡೆದದ್ದು ಇಂಥ ಹೊತ್ತಿನಲ್ಲಿ. ನಮ್ಮ ಅಜ್ಜಿಯರ ಕಾಲದ ಹಿತ್ತಾಳೆ ನಲ್ಲಿಗಳೆಲ್ಲ ಆ ವಂಶದವು.

ಮುಂದಿನ ಕಥೆ ಅಮೆರಿಕದ್ದು, ಅದನ್ನು ಬೇಗ ಹೇಳಬಹುದು. ಸಿಯಾಟಲ್‌ನ ವಿದ್ಯಾರ್ಥಿ ಆಲ್ ಮೋಯೆನ್ 1937ರಲ್ಲಿ ಎರಡು ಹಿಡಿಯ ನಲ್ಲಿಯ ಬಿಸಿನೀರಿಗೆ ಕೈ ಸುಟ್ಟುಕೊಂಡ. ಒಂದೇ ಹಿಡಿಯಲ್ಲಿ ಬಿಸಿ ತಣ್ಣೀರು ಬೆರೆಸುವ ಅವನ ನಲ್ಲಿ ಮಾರುಕಟ್ಟೆಗೆ ಬಂದದ್ದು 1947ರಲ್ಲಿ. ಸಿಂಕಿನ ಪಕ್ಕದ ಇನ್ನೊಂದು ತೂತಿನಲ್ಲಿ ಕೂರುವ ಪುಟ್ಟ ಸ್ಪ್ರೇ ಯುದ್ಧೋತ್ತರ ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಯಿತು. ನಲ್ಲಿಯ ಬಾಯೇ ಪೈಪಿನೊಡನೆ ಕೈಗೆ ಬರುವ ಮಾದರಿಯನ್ನು ಅಲ್ಲಿ ಜನಪ್ರಿಯಗೊಳಿಸಿದ್ದು 1980ರ ದಶಕದಲ್ಲಿ ಜರ್ಮನಿಯ ಗ್ರೋಹೆ ಕಂಪನಿಯ ಲೇಡಿಲಕ್ಸ್. ಪಕ್ಕದ ಸ್ಪ್ರೇ ಕೆಲಸ ಮಾಡುವ ಬಗೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಅದರ ಗುಂಡಿ ಒತ್ತಿದೊಡನೆ ನಲ್ಲಿಯೊಳಗೆ ಒಂದು ಕಡೆ ಒತ್ತಡ ಇಳಿಯುತ್ತದೆ. ಆ ವ್ಯತ್ಯಾಸವೇ ಒಳಗಿನ ಸಣ್ಣ ವಾಲ್ವನ್ನು ಸರಿಸಿ ನೀರನ್ನು ಸ್ಪ್ರೇ ಕಡೆಗೆ ತಿರುಗಿಸುತ್ತದೆ. ಒತ್ತಡವೇ ಇಲ್ಲದಿದ್ದರೆ ವಾಲ್ವು ಪೂರ್ತಿ ಸರಿಯದೆ ಅಲ್ಲಿಯೂ ಇಲ್ಲಿಯೂ ನೀರು ತೊಟ್ಟಿಕ್ಕುತ್ತದೆ. ಅಲ್ಲಿನ ಕಾನೂನೂ ಒತ್ತಡವನ್ನು ಗೃಹೀತ ಹಿಡಿದೇ ಬರೆದದ್ದು: ಅಡುಗೆಮನೆಯ ನಲ್ಲಿ ಚದರ ಇಂಚಿಗೆ 60 ಪೌಂಡ್ ಒತ್ತಡದಲ್ಲಿ ನಿಮಿಷಕ್ಕೆ 2.2 ಗ್ಯಾಲನ್, ಅಂದರೆ ಸುಮಾರು 8.3 ಲೀಟರ್ ಮೀರಬಾರದು. ನೀರು ಸಾಲದು ಎಂಬುದಲ್ಲ, ಹೆಚ್ಚಾಗುತ್ತದೆ ಎಂಬುದೇ ಅವರ ಚಿಂತೆ.

ಆ 60 ಪೌಂಡನ್ನು ನಮ್ಮ ಮನೆಗೆ ತಂದು ನೋಡಿ. ಅಷ್ಟು ಒತ್ತಡ ಬರಬೇಕಾದರೆ ಟ್ಯಾಂಕು ಸಿಂಕಿಗಿಂತ ಸುಮಾರು 140 ಅಡಿ ಮೇಲಿರಬೇಕು. ಒಂದೇ ಅಂತಸ್ತಿನ ಮನೆಯ ತಾರಸಿಯ ಮೇಲಿನ ಟ್ಯಾಂಕಿಗೂ ಸಿಂಕಿಗೂ ಇರುವ ಅಂತರ ಹೆಚ್ಚೆಂದರೆ 12 ಅಡಿ, ಅದರಿಂದ ಬರುವ ಒತ್ತಡ ಸುಮಾರು 5 ಪೌಂಡ್. ಹನ್ನೆರಡರಲ್ಲಿ ಒಂದು ಪಾಲು! ನೀರಿನ ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಇಳಿಯುವುದರಿಂದ, ಅಲ್ಲಿ 8.3 ಲೀಟರ್ ಕೊಡುವ ರಂಧ್ರ ಇಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 2.4 ಲೀಟರ್ ಕೊಡುತ್ತದೆ. ಇದಕ್ಕೆ ಎಳೆಯುವ ಪೈಪಿನ ಸಪೂರ ಒಳಮೈ, ಗಡಸು ನೀರಿನ ಸುಣ್ಣ ಕಟ್ಟಿದ ಜರಡಿ ಎರಡನ್ನೂ ಸೇರಿಸಿದರೆ, ಚಿಮ್ಮಬೇಕಾದ ನೀರು ಜಿನುಗುವುದೇಕೆ ಎಂದು ಕಂಪನಿಯನ್ನು ಬೈಯಬೇಕಾಗಿಲ್ಲ.

ನಮ್ಮಲ್ಲಿ ಈ ಕೊರತೆ ಬಹುಕಾಲ ಯಾರನ್ನೂ ಕಾಡಲಿಲ್ಲ. ಅರ್ಕಾವತಿಯ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ಬಂದದ್ದು 1896ರಲ್ಲಿ. ಬಹುಪಾಲು ಜನರ ಪಾಲಿಗೆ ಅದು ಬೀದಿ ನಲ್ಲಿಯವರೆಗೆ ಬಂದ ನೀರು. ಸಂಪ್ರದಾಯದ ಮನೆಗಳಲ್ಲಿ ಮುಸುರೆ ಪಾತ್ರೆ ಅಡುಗೆಮನೆಯಲ್ಲಿ ಉಳಿಯುತ್ತಲೇ ಇರಲಿಲ್ಲ. ಅದು ಹಿತ್ತಿಲಿಗೋ ಬಚ್ಚಲಿಗೋ ಹೋಗುತ್ತಿತ್ತು. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಕುಕ್ಕರಗಾಲಿನಲ್ಲಿ ಕೂತು ತಿಕ್ಕಿ, ಚೊಂಬಿನಲ್ಲಿ ನೀರು ಹಾಕಿಕೊಂಡು ತೊಳೆಯುವ ಕೆಲಸ ಅದು. ಅದೇ ಒಳ್ಳೆಯದಿತ್ತು, ಒಂದು ಬಕೆಟ್ಟಿನಲ್ಲಿ ಮನೆಯ ಪಾತ್ರೆಯೆಲ್ಲ ಮುಗಿಯುತ್ತಿತ್ತು, ಸ್ಪ್ರೇ ಯಾಕೆ ಬೇಕು ಎನ್ನುವವರಿದ್ದಾರೆ. ಆ ಮಿತವ್ಯಯ ನಿಜ. ಆದರೆ ಅದರ ಬೆಲೆ ತೆತ್ತದ್ದು ನೀರು ಹೊತ್ತ ಸೊಂಟ ಮತ್ತು ಹಿತ್ತಿಲಿನಲ್ಲಿ ಕೂತು ಸವೆದ ಮಂಡಿ. ಅವು ಮನೆಯ ಹೆಣ್ಣುಮಕ್ಕಳವು, ಇಲ್ಲವೇ ಅಡುಗೆಮನೆಯ ಹೊಸಿಲು ದಾಟಲು ಅಪ್ಪಣೆಯಿಲ್ಲದ ಕೆಲಸದವಳವು. ಸಿಂಕು ಒಳಬಂದು, ನಿಂತು ತೊಳೆಯುವಂತಾದದ್ದನ್ನು ಹಳೆಯದರ ಮೋಹದಲ್ಲಿ ಹೀಗಳೆಯಲಾರೆ. ತೊಡಕಿರುವುದು ಸಿಂಕು ಒಳಬಂದರೂ ಒತ್ತಡ ಹೊರಗೇ ಉಳಿದುದರಲ್ಲಿ.

ಪ್ರೆಷರ್ ಪಂಪು ಹಾಕಿದರಾಯಿತಲ್ಲ ಎಂಬುದು ಸಹಜವಾದ ಮಾತು, ಅರ್ಧ ಸರಿ ಕೂಡ. ಪಂಪು ಚಿಮ್ಮುವಿಕೆಯನ್ನು ಕೊಡುತ್ತದೆ. ಬೀದಿಯ ಕೊಳವೆಯ ಬಗ್ಗೆ ಏನೂ ಮಾಡುವುದಿಲ್ಲ. ಉಳಿದರ್ಧ ತಿಳಿಯಲು 1933ರ ಷಿಕಾಗೋಗೆ ಹೋಗಬೇಕು. ವಿಶ್ವಮೇಳ ನಡೆದಿದ್ದ ಆ ವರ್ಷ ಎರಡು ಹೋಟೆಲುಗಳ ಕೊಳಾಯಿ ದೋಷದಿಂದ ಹೊಲಸು ನೀರು ಕುಡಿಯುವ ನೀರಿಗೆ ಸೇರಿ ಸುಮಾರು 1400 ಜನರಿಗೆ ಅಮೀಬಿಕ್ ಆಮಶಂಕೆ ಹತ್ತಿತು, 98 ಜನ ಸತ್ತರು. ಕೊಳವೆಯೊಳಗೆ ಒತ್ತಡ ಕುಸಿದರೆ ಅದು ಹೊರಗಿನದನ್ನು ಹಿಂದಕ್ಕೆ ಹೀರುತ್ತದೆ ಎಂಬ ಎಚ್ಚರ ಅಮೆರಿಕದ ಕೊಳಾಯಿ ನಿಯಮಗಳಲ್ಲಿ ಗಟ್ಟಿಯಾಗಲು ಈ ದುರಂತವೂ ಕಾರಣ. ಎಂಜಲು ನೀರು ನಿಂತ ಸಿಂಕಿನಲ್ಲಿ ಮುಳುಗಿ ಬಿದ್ದ ಸ್ಪ್ರೇ ಅಂಥ ಹೀರುವಿಕೆಗೆ ಹೇಳಿ ಮಾಡಿಸಿದ ಬಾಯಿ. ಒಳ್ಳೆಯ ಸ್ಪ್ರೇ ನಲ್ಲಿಯೊಳಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ ಇರುವುದು ಇದಕ್ಕಾಗಿ. ಅಗ್ಗದ ನಕಲುಗಳಲ್ಲಿ ಮೊದಲು ಮಾಯವಾಗುವುದೂ ಕಣ್ಣಿಗೆ ಕಾಣದ ಇಂಥ ಭಾಗಗಳೇ.

ಸದಾ ಒತ್ತಡವಿರುವ ಊರಿನಲ್ಲಿ ಈ ಹೀರುವಿಕೆ ಅಪರೂಪದ ಅಪಘಾತ. ನೀರುಗಂಟಿ ವಾಲ್ವ್ ತಿರುಗಿಸಿದಾಗ ಮಾತ್ರ ನೀರು ಬರುವ ಊರಿನಲ್ಲಿ ಕೊಳವೆ ಪ್ರತಿ ಸಲವೂ ಬರಿದಾಗುತ್ತದೆ, ಅಕ್ಕಪಕ್ಕದ ಮನೆಯವರು ಕೊಳವೆಗೇ ಮೋಟಾರು ಹಚ್ಚಿದರೆ ಇನ್ನೂ ಕಷ್ಟ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ನಿರಂತರ ನೀರು ಬಂತು. ಉಳಿದವು ಕೆಲವು ದಿನಗಳಿಗೊಮ್ಮೆ ಬರುವ ನೀರಿನಲ್ಲೇ ಇದ್ದವು. ಎರಡನ್ನೂ ಹೋಲಿಸಿದ ಸಂಶೋಧಕರಿಗೆ ನಿರಂತರ ವಾರ್ಡುಗಳ ನಲ್ಲಿ ನೀರು ಸ್ಪಷ್ಟವಾಗಿ ಹೆಚ್ಚು ಶುದ್ಧವಾಗಿ ಕಂಡಿತು. ಮಕ್ಕಳ ಭೇದಿ ಒಟ್ಟಾರೆಯಾಗಿ ಕಡಿಮೆಯಾದದ್ದು ಕಾಣಲಿಲ್ಲ, ಬಡ ಮನೆಗಳಲ್ಲಿ ರಕ್ತಭೇದಿ ಮಾತ್ರ ಕಡಿಮೆಯಿತ್ತು. ಆದ್ದರಿಂದ ಒತ್ತಡವೊಂದೇ ಆರೋಗ್ಯ ತರುತ್ತದೆ ಎನ್ನುವಂತಿಲ್ಲ. ಒತ್ತಡ ಹೋದಾಗ ಕೊಳವೆಗೆ ಕೊಳೆ ಸೇರುತ್ತದೆ ಎಂಬಷ್ಟಕ್ಕೆ ಆಧಾರ ಸಾಕು.

ಸ್ಪ್ರೇ ನೀರುಳಿಸುತ್ತದೆ ಎಂಬ ವಾದವನ್ನೂ ಒತ್ತಡದ ಮುಂದೆಯೇ ನಿಲ್ಲಿಸಬೇಕು. 2024ರ ಬೇಸಿಗೆಯ ಬವಣೆಯಲ್ಲಿ ಬೆಂಗಳೂರು ಜಲಮಂಡಳಿ ಹೋಟೆಲು, ವಾಣಿಜ್ಯ ಕಟ್ಟಡ ಮೊದಲಾದ ಕಡೆ ನಲ್ಲಿಗಳಿಗೆ ಹರಿವು ತಗ್ಗಿಸುವ ಏರಿಯೇಟರ್ ಕಡ್ಡಾಯ ಮಾಡಿತು. ಪಂಪಿನ ಬಲವಿರುವ ದೊಡ್ಡ ಕಟ್ಟಡಕ್ಕೆ ಅದು ತಕ್ಕ ಕ್ರಮ. ತಾರಸಿ ಟ್ಯಾಂಕಿನ ಮನೆಯಲ್ಲಿ ಹರಿವು ಮೊದಲೇ ಕ್ಷೀಣ; ಅಲ್ಲಿ ಉಳಿಯುವ ನೀರಿಗಿಂತ ಬಾಣಲೆಯ ಜಿಡ್ಡು ಬಿಡಿಸಲು ಹಿಡಿಯುವ ಹೊತ್ತೇ ಹೆಚ್ಚು. ಅಂಥ ಮನೆಗೆ ಅಗಲ ಬಾಯಿಯ, ಕತ್ತು ತಿರುಗುವ ಸಾದಾ ನಲ್ಲಿಯೇ ಮೇಲು. ಎಳೆಯುವ ಸ್ಪ್ರೇಯೇ ಬೇಕೆಂದರೆ ಪೆಟ್ಟಿಗೆಯ ಮೇಲೆ ಕನಿಷ್ಠ ಒತ್ತಡ ಎಷ್ಟು ಬಾರ್ ಎಂದು ಓದಬೇಕು, ಟ್ಯಾಂಕಿನ ಎತ್ತರದ ಪ್ರತಿ 33 ಅಡಿಗೆ ಒಂದು ಬಾರ್ ಎಂದು ಲೆಕ್ಕ ಹಾಕಬೇಕು, ನೀರು ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ ಒಳಗಿದೆಯೇ ಎಂದು ಅಂಗಡಿಯವನನ್ನು ಕೇಳಬೇಕು. ಅವನಿಗೆ ಗೊತ್ತಿಲ್ಲದಿದ್ದರೆ, ಪ್ಲಂಬರಿಗೆ ಹೇಳಿ ಸಿಂಕಿನ ಕೆಳಗೆ ಬೇರೆಯಾಗಿ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿಕೊಳ್ಳಬಹುದು.