ಅಳತೆಗೋಲಿನ ಅಳತೆ

ಭೂಮಿಯನ್ನು ಅಳೆಯಹೊರಟವನು ಮೊದಲು ತನ್ನ ಅಳತೆಗೋಲನ್ನೇ ಅಳೆದುಕೊಳ್ಳಬೇಕೆಂಬುದು ಕನ್ನಡನಾಡಿನ ಮೋಜಣಿಯ ಇತಿಹಾಸವು ಕಲಿಸುವ ಪಾಠವಾಗಿದೆ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯೊಂದನ್ನು ಅಳೆದನು. ಅವನ ಸಾಧನವು 100 ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಉಕ್ಕು ಹಿಗ್ಗುವುದು. ಆದಕಾರಣ ಸರಪಳಿಯ ಬಳಿ ಉಷ್ಣಮಾಪಕಗಳನ್ನಿಟ್ಟು, ಹಿಗ್ಗಿದಷ್ಟನ್ನು ಲೆಕ್ಕದಲ್ಲಿ ತಿದ್ದಿಕೊಳ್ಳುತ್ತಿದ್ದರು. ಈ ಎಚ್ಚರಿಕೆಯ ಫಲವು ಮುಂದೆ ಕಂಡುಬಂದಿತು. 1804ರಲ್ಲಿ ಬೆಂಗಳೂರಿನ ಬಳಿ ಹೊಸದಾಗಿ ಅಳೆದ ಆಧಾರರೇಖೆಯ ಉದ್ದಕ್ಕೂ, ಮದರಾಸಿನ ಆಧಾರರೇಖೆಯಿಂದ ತ್ರಿಕೋನಗಳ ಮೂಲಕ ಗಣಿಸಿದ ಉದ್ದಕ್ಕೂ ಇದ್ದ ಅಂತರವು ನಾಲ್ಕು ಅಂಗುಲಕ್ಕಿಂತಲೂ ಕಡಿಮೆಯಾಗಿತ್ತು.

ಇಂದು ಖಂಡೋಬನ ಗುಡಿಗೆ ಹೆಸರಾದ ಮಂಗಸೂಳಿಯಂಥ ಊರುಗಳಲ್ಲಿ ಕಟ್ಟಡಕ್ಕಾಗಲಿ ಕಾಲುವೆಗಾಗಲಿ ನೆಲವನ್ನು ಅಳೆಯುವ ಜಿಪಿಎಸ್ ಯಂತ್ರಕ್ಕೆ ಸರಪಳಿಯು ಬೇಕಿಲ್ಲ. ಅದು ಉಪಗ್ರಹಗಳ ಸಂಕೇತದಿಂದ ತನ್ನ ಸ್ಥಾನವನ್ನು ಅರಿಯುವುದು. ಆದರೂ ಹಳೆಯ ಪಾಠವು ತಪ್ಪಿಲ್ಲ. ಮುಕ್ಕಾಲಿಯನ್ನು ಗುರುತಿನ ಕಲ್ಲಿನ ನೆತ್ತಿಗೆ ನೇರವಾಗಿ ನಿಲ್ಲಿಸಿ, ಕಲ್ಲಿನಿಂದ ಯಂತ್ರವು ಎಷ್ಟು ಎತ್ತರದಲ್ಲಿದೆಯೆಂಬುದನ್ನು ಅಳೆದು ಬರೆದುಕೊಳ್ಳಬೇಕು. ಬಳಿಕ, ಸ್ಥಾನವೂ ಎತ್ತರವೂ ಮೊದಲೇ ಗೊತ್ತಿರುವ ಕೆಲವು ಬಿಂದುಗಳಲ್ಲಿ ಅದರ ಉತ್ತರವನ್ನು ತಾಳೆನೋಡಿ, ಬಂದ ವ್ಯತ್ಯಾಸಕ್ಕೆ ತಕ್ಕಂತೆ ಯಂತ್ರದ ಲೆಕ್ಕವನ್ನು ಸರಿಪಡಿಸಬೇಕು.

ಎತ್ತರದ ವಿಷಯದಲ್ಲಿ ಇದು ಇನ್ನೂ ಅಗತ್ಯ. ಯಂತ್ರವು ಹೇಳುವ ಎತ್ತರವು ಗಣಿತಜ್ಞರು ಕಲ್ಪಿಸಿದ ಭೂಗೋಳದ ಆಕೃತಿಯಿಂದ ಎಣಿಸಿದ್ದು, ಸಮುದ್ರಮಟ್ಟದಿಂದಲ್ಲ. ಈ ಸೀಮೆಯಲ್ಲಿ ಇವೆರಡರ ಅಂತರವು ಹತ್ತಾರು ಮೀಟರುಗಳಷ್ಟಿದ್ದು, ಎಡೆಯಿಂದ ಎಡೆಗೆ ಬದಲಾಗುತ್ತ ಹೋಗುವುದು. ಅದನ್ನು ತಿದ್ದಿಕೊಳ್ಳದೆ ಕಾಲುವೆಯ ಇಳಿಜಾರನ್ನು ಗೊತ್ತುಮಾಡಿದರೆ, ಕೃಷ್ಣೆಯ ನೀರು ರೈತನ ಹೊಲವನ್ನು ಮುಟ್ಟದೆ ನಡುದಾರಿಯಲ್ಲೇ ನಿಂತೀತು.