ಪಿಲ್ಸ್ನರಿನ ರುಚಿ

ರುಚಿಗೆ ಅಂಕವಿಡುವವರು ಅದು ಹುಟ್ಟಿದ ಊರನ್ನು ಮೊದಲು ಅರಿಯಬೇಕು. ಭಾಲ್ಕಿ ತಾಲ್ಲೂಕಿನ ಸಾಯಗಾಂವದ ರೊಟ್ಟಿಯ ಸವಿಯನ್ನು ಆ ನೆಲದ ಜೋಳದಿಂದ ಬೇರ್ಪಡಿಸಿ ಹೇಳಲಾದೀತೆ? ಪಿಲ್ಸ್ನರ್ ಎಂಬ ಬಿಯರಿನ ಚರಿತ್ರೆಯೂ ಅಂತಹುದೇ.

ಬೊಹೀಮಿಯದ ಪಿಲ್ಸೆನ್ ಪಟ್ಟಣಿಗರು 1838ರಲ್ಲಿ ಕೆಟ್ಟುಹೋದ 36 ಪೀಪಾಯಿ ಬಿಯರನ್ನು ಬೀದಿಗೆ ಚೆಲ್ಲಿದರು; ಬಳಿಕ ತಾವೇ ಕೂಡಿ ಹೊಸ ಕಾರ್ಖಾನೆಯೊಂದನ್ನು ಕಟ್ಟಿಸಿದರು. ಬವೇರಿಯದಿಂದ ಕರೆಸಿದ ಯೋಸೆಫ್ ಗ್ರೋಲನು 1842ರ ಅಕ್ಟೋಬರ್ 5ರಂದು ಅಲ್ಲಿ ಮೊದಲ ಪಾಕವನ್ನು ಹೂಡಿದನು. ಊರಿನ ಮೃದುವಾದ ನೀರು, ಹದವಾಗಿ ಒಣಗಿಸಿದ ಬಾರ್ಲಿಯ ಮೊಳಕೆ, ಸಾಟ್ಸ್ ಸೀಮೆಯ ಹಾಪ್ಸ್ ಹೂ, ನೆಲಮಾಳಿಗೆಯ ತಂಪು, ಇವು ನಾಲ್ಕೂ ಸೇರಿ ಹೊಂಬಣ್ಣದ ಪಾನೀಯವಾಯಿತು. ಅದೇ ಬಗೆಯು ಉತ್ತರ ಜರ್ಮನಿಯಲ್ಲಿ ತೆಳುವಾಗಿ, ಹೆಚ್ಚು ಕಹಿಯಾಯಿತು.

ಉಷ್ಣದೇಶಗಳಿಗೆ ಆ ತಂಪನ್ನು ಒದಗಿಸಿದುದು 1870ರ ದಶಕದಲ್ಲಿ ಕಾರ್ಲ್ ಲಿಂಡೆ ರೂಪಿಸಿದ ಶೈತ್ಯಯಂತ್ರ. ನಮ್ಮಲ್ಲಿ 1915ರಲ್ಲಿ ಥಾಮಸ್ ಲೀಷ್ಮನ್ ದಕ್ಷಿಣ ಭಾರತದ ಬಿಯರ್ ಕಾರ್ಖಾನೆಗಳನ್ನು ಯುನೈಟೆಡ್ ಬ್ರೂವರೀಸ್ ಎಂಬ ಹೆಸರಿನಲ್ಲಿ ಒಂದುಗೂಡಿಸಿದನು. 1947ರಲ್ಲಿ ವಿಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು.

ಆದುದರಿಂದ ಪಿಲ್ಸೆನ್ನಿನ ಕೋಲಿನಿಂದಲೇ ಬೆಂಗಳೂರನ್ನು ಅಳೆದು ಕೀಳೆನ್ನುವುದು ಸರಿಯಲ್ಲ. ಯಾವ ನೀರು, ಯಾವ ಧಾನ್ಯ, ಯಾವ ತಂಪು ಎಂದು ವಿಚಾರಿಸಿ, ಅನಂತರ ತೀರ್ಪು ಕೊಡುವುದೇ ನ್ಯಾಯವೆಂದು ನಾವು ಭಾವಿಸುತ್ತೇವೆ.