ಕರಾಚಿಯಿಂದ ಮುಂಬಯಿಗೆ ಎಷ್ಟು ದೂರ?

ಕರಾಚಿ ಮತ್ತು ಮುಂಬಯಿ ವಿಮಾನ ನಿಲ್ದಾಣಗಳ ನಡುವಿನ ಅಂತರ ಸುಮಾರು 880 ಕಿಲೋಮೀಟರ್. ಭೂಗೋಳದ ಮೇಲೆ ಈ ಎರಡು ಊರುಗಳನ್ನು ಗುರುತಿಸಿ, ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಹಾಯುವ ದಾರಿಯ ಉದ್ದ ಇದು. ವಿಮಾನಯಾನದ ದೂರವನ್ನು ಲೆಕ್ಕ ಹಾಕುವುದು ಹೀಗೆಯೇ. ಜೆಟ್ ವಿಮಾನಕ್ಕೆ ಇದು ಹೆಚ್ಚೆಂದರೆ ಒಂದೂವರೆ ಗಂಟೆಯ ಹಾದಿ. ಆದರೆ ದಾರದ ಲೆಕ್ಕವೇ ಬೇರೆ, ಪ್ರಯಾಣಿಕನ ಲೆಕ್ಕವೇ ಬೇರೆ ಎಂಬುದಕ್ಕೆ ಈ ಊರುಗಳ ಚರಿತ್ರೆಯೇ ಸಾಕ್ಷಿ.

ಭಾರತದ ವಿಮಾನಯಾನ ಉದ್ಯಮ ಹುಟ್ಟಿದ್ದು ಇದೇ ಹಾದಿಯಲ್ಲಿ. ಲಂಡನ್ನಿನಿಂದ ಬರುತ್ತಿದ್ದ ವಿಮಾನ ಅಂಚೆಯನ್ನು ಕರಾಚಿಯಿಂದ ದಕ್ಷಿಣಕ್ಕೆ ಸಾಗಿಸುವ ಯೋಜನೆಯನ್ನು ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್ ಮುಂದಿಟ್ಟರು, ಜೆ.ಆರ್.ಡಿ. ಟಾಟಾ ಅದನ್ನು ಕೈಗೆತ್ತಿಕೊಂಡರು. 1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ‘ಪಸ್ ಮಾತ್’ ಎಂಬ ಪುಟ್ಟ ವಿಮಾನದಲ್ಲಿ ಅಂಚೆ ಚೀಲಗಳನ್ನಿಟ್ಟುಕೊಂಡು ಒಬ್ಬರೇ ಕರಾಚಿಯಿಂದ ಹೊರಟರು. ಅದರ ವೇಗ ಗಂಟೆಗೆ 160 ಕಿಲೋಮೀಟರಿನ ಆಸುಪಾಸು. ನಡುವೆ ಅಹಮದಾಬಾದಿನಲ್ಲಿ ಇಳಿಯಲೇಬೇಕು. ಅಲ್ಲಿ ಪೆಟ್ರೋಲಿನ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು! ಈ ಸುತ್ತುದಾರಿಯಿಂದ 880 ಕಿಲೋಮೀಟರಿನ ಹಾದಿ ಸಾವಿರ ದಾಟಿತು. ಆದರೂ ಮಧ್ಯಾಹ್ನ ಎರಡು ಗಂಟೆಯೊಳಗೆ ಅವರು ಮುಂಬಯಿಯ ಜುಹುವಿನಲ್ಲಿ ಇಳಿದಿದ್ದರು. ಒಟ್ಟು ಹಿಡಿದದ್ದು ಸುಮಾರು ಏಳೂಕಾಲು ಗಂಟೆ.

ಅಲ್ಲಿಂದ ಅಂಚೆಯನ್ನು ಮದರಾಸಿಗೆ ಒಯ್ದವರು ವಿನ್ಸೆಂಟ್. ಅವರ ನಡುದಾರಿಯ ತಂಗುದಾಣ ನಮ್ಮ ಬಳ್ಳಾರಿ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯ ಹೆಸರು ಹೀಗೆ ದೇಶದ ವಿಮಾನ ಅಂಚೆಯ ಮೊದಲ ಪುಟದಲ್ಲೇ ಸೇರಿಹೋಯಿತು. ಕರಾಚಿಯಾದರೋ ಆಗ ಮುಂಬಯಿ ಪ್ರಾಂತ್ಯದ್ದೇ ಊರು. ಸಿಂಧ್ ಪ್ರತ್ಯೇಕ ಪ್ರಾಂತ್ಯವಾದದ್ದು 1936ರಲ್ಲಿ. ಅಂದರೆ ಜೆ.ಆರ್.ಡಿ. ಹಾರಿದ್ದು ಒಂದೇ ಪ್ರಾಂತ್ಯದ ಎರಡು ರೇವುಪಟ್ಟಣಗಳ ನಡುವೆ.

ದೇಶವಿಭಜನೆಯ ನಂತರ ಇದು ಎರಡು ದೇಶಗಳ ನಡುವಿನ ಹಾದಿಯಾಯಿತು. 1965 ಮತ್ತು 1971ರ ಯುದ್ಧಗಳಲ್ಲಿ ಅದು ಮುಚ್ಚಿತು, ಮತ್ತೆ ತೆರೆಯಿತು. 1982ರಲ್ಲಿ, ಮೊದಲ ಹಾರಾಟಕ್ಕೆ ಐವತ್ತು ವರ್ಷ ತುಂಬಿದಾಗ, 78ರ ಹರೆಯದ ಜೆ.ಆರ್.ಡಿ. ‘ಲೆಪರ್ಡ್ ಮಾತ್’ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಒಬ್ಬರೇ ಹಾರಿಬಂದರು. ಗಡಿ ಇದ್ದರೂ ದಾರಿಯಿತ್ತು.

ಮುಂದೆ ಆ ದಾರಿಯೂ ಕಿರಿದಾಯಿತು. ಕರಾಚಿ–ಮುಂಬಯಿ ನೇರ ವಿಮಾನ 2017ರಲ್ಲಿ ನಿಂತಿತು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು. ನೇರ ವಿಮಾನವಿಲ್ಲದಿದ್ದರೆ ಪ್ರಯಾಣಿಕ ದುಬೈಯಂಥ ಮೂರನೆಯ ಊರನ್ನು ಬಳಸಿ ಬರಬೇಕು. ಆಗ 880 ಕಿಲೋಮೀಟರಿನ ಹಾದಿ ಮೂರು ಸಾವಿರವನ್ನು ಮೀರುತ್ತದೆ. ಹಾರಾಟಕ್ಕೇ ಐದು ಗಂಟೆ ಬೇಕು. ಮುಂದಿನ ವಿಮಾನಕ್ಕಾಗಿ ಕಾಯುವ ಹೊತ್ತು ಬೇರೆ. ಮೂರು ಗಂಟೆ ಕಾದರೂ ಸಾಕು, ಎತ್ತಿನ ಗಾಡಿಯ ಪೆಟ್ರೋಲು ನಂಬಿ ಬಂದ ಜೆ.ಆರ್.ಡಿ. ಅವರ ಪುಟ್ಟ ವಿಮಾನವೇ ಮೊದಲು ಮುಟ್ಟಿರುತ್ತದೆ.

ವಿಮಾನದ ವೇಗ ಐದು ಪಟ್ಟು ಹೆಚ್ಚಿತು. ಊರುಗಳು ಇದ್ದಲ್ಲೇ ಇವೆ. ಎರಡು ಊರುಗಳ ನಡುವಿನ ಕಾಲವನ್ನು ಎಂಜಿನ್ನು ಕಡಿಮೆ ಮಾಡಬಲ್ಲದು. ಆದರೆ ಆ ದಾರಿಯನ್ನು ತೆರೆದಿಡಬೇಕಾದವರು ಮನುಷ್ಯರೇ.